ಪೆರುಂಬಾಡಿ ದಾರಿಯ ಉಪ್ಪು

ನಮಗೆ ಕಡಲಿಲ್ಲ. ಇದ್ದದ್ದು ಪೋಕರನ
ಹನ್ನೆರಡು ಎತ್ತು, ಬೆನ್ನ ಮೇಲೆ ಒದ್ದೆ ಗೋಣಿ.

ಕಣ್ಣೂರ ಕಡೆ ಗದ್ದೆಗೆ ಉಬ್ಬರದ ನೀರು ಬಿಟ್ಟು
ತೂಬು ಮುಚ್ಚಿ ಬಿಸಿಲಿಗೊಪ್ಪಿಸುವ ಕಥೆ
ವರ್ಷವೂ ಹೇಳುತ್ತಿದ್ದ.
‘ನೀರನ್ನೂ ಕೊಯ್ಯುತ್ತಾರಾ?’
ಚೋಂದವ್ವ ನಂಬಲಿಲ್ಲ;
ಭತ್ತದ ಸೇರಿನಲ್ಲೇ ಉಪ್ಪು ಅಳೆದಳು.
ಭತ್ತ ಮೂರು, ಉಪ್ಪು ಒಂದು.

ಘಟ್ಟದ ಮಂಜಿಗೆ ಗೋಣಿ ಕರಗಿ
ಎತ್ತಿನ ಬೆನ್ನು ಸುಟ್ಟಿರುತ್ತಿತ್ತು.
ಎಣ್ಣೆ ಹಚ್ಚಿದವಳೂ ಅವಳೇ.
ಆಮೇಲೆ ಮತ್ತೆ ಚೌಕಾಸಿ.

ಒಲೆಯ ಮೇಲೆ ತೂಗುವ ಬಿದಿರಿನ ಅಂಡೆಯಲ್ಲಿ
ಆಟಿ ತಿಂಗಳು ಉಪ್ಪು ಬೆವರುತ್ತಿತ್ತು.
ಕೆಳಗೊಂದು ತೆಂಗಿನ ಚಿಪ್ಪು.
ತೊಟ್ಟಿಕ್ಕಿದ್ದಕ್ಕೆ ಬೆರಳದ್ದಿ, ನೆಕ್ಕಿ,
ಎಂಬತ್ತಾದರೂ ಕಡಲು ಕಾಣದವಳು
ಒಂದು ಸಂಜೆ ಅಂದಳು:
‘ಇವತ್ತು ಉಬ್ಬರ.’