ಜಿ ಸ್ವರಕ್ಕಿಂತ ತುಸು ಮ್ಯಾಲ

ಮೊದಲು ಕೂಲರ್ ಬಂದ್ ಮಾಡಬೇಕು.
ಆಮ್ಯಾಲ ಫ್ಯಾನು. ಆಮ್ಯಾಲ ಟ್ಯೂಬ್‌ಲೈಟು.
ಮೇ ತಿಂಗಳ ಕಲಬುರಗಿಯೊಳಗ
ರೆಕಾರ್ಡಿಂಗಿಗಿ ಕೊಡೋ ಮೊದಲನೇ ಬೆಲಿ ಇದು.
ಬೆವರು ಮೊಣಕೈ ಇಳಿದು
ಗಿಟಾರಿನ ಹೊಟ್ಟಿ ಮ್ಯಾಲ ತೊಟ್ಟಿಕ್ಕತದ.

ಶಹಾಬಾದ ಪರಸಿ ಹಾಸಿದ ಖೋಲಿ,
ಹನ್ನೆರಡು ಫೂಟು ಉದ್ದ, ಎಂಟು ಅಗಲ.
ಒಂದು ಟ್ರಂಕು, ಒಂದು ಮಂಚ,
ಮಳಿಗಿ ತೂಗಹಾಕಿದ ಡ್ಯೂಟಿ ಹೆಲ್ಮೆಟ್ಟು.
ಲ್ಯಾಪ್‌ಟಾಪಿನ್ಯಾಗ ಮಾತ್ರ ಬ್ಯಾರೇನೇ ಮನಿ ಅದ.
ಸೂಪರ್ ಮಾರ್ಕೆಟ್ ಗಲ್ಲಿಯ ಮೊಬೈಲ್ ರಿಪೇರಿ ರವೂಫ್
ಪೆನ್‌ಡ್ರೈವಿನ್ಯಾಗ ಹಾಕಿ ಕೊಟ್ಟಾನ:
"ತಗೋ ಅಕ್ಕ, ಲಕ್ಷ ರೂಪಾಯಿ ಆಂಪು, ಪುಕಟ."

ಪರದೆ ಮ್ಯಾಲಿನ ಗುಂಡಿ ತಿರುವ್ತೀನಿ,
ಹುಡುಗರ ಕಿವಿ ಹಿಂಡಿದಂಗ.
ಇಲ್ಲದ ವಾಲ್ವು ಕಾಯ್ತದ,
ಇಲ್ಲದ ಸ್ಪೀಕರಿನ ಕಾಗದ ನಡುಗ್ತದ,
ಇಲ್ಲದ ಮೈಕು ಬೆರಳಿನಷ್ಟು ಸರಸಿದ್ರ
ದನಿ ಸ್ಟೇಷನ್ ಚಹಾದಂಗ ಖಡಕ್ ಆಗ್ತದ.
ಖೋಲಿ ಯಾವುದು ಬೇಕು, ಕೇಳ್ತದ:
ಇಟ್ಟಂಗಿ ಗೋಡಿದೋ, ಕಟಗಿ ಹಾಸಿದ್ದೋ, ದೊಡ್ಡ ಹಾಲೋ?
ಅಡ್ವಾನ್ಸ್ ಕೇಳೂದಿಲ್ಲ,
ಒಬ್ಬಾಕಿನೇ ಯಾಕ ಇರ್ತಿ ಅಂತ ಕೇಳೂದಿಲ್ಲ,
ಜಾತಿ ಸುದ್ದಾ ಕೇಳೂದಿಲ್ಲ.
ದೊಡ್ಡ ಹಾಲೇ ಕೊಡು ಅಂತೀನಿ.

ಹೆಡ್‌ಫೋನಿನ ಒಳಗ ಗುಡುಗು.
ಹೊರಗ
ತಂತಿಗಿ ಉಗುರು ತಾಕಿದ್ದಷ್ಟೇ. ಟಿಚ್, ಟಿಚ್.
ಮುಂಜಾನಿ ನಳದ ಹತ್ತಿರ ಮಾಲಕಿ ಚಂದಮ್ಮ:
"ಜಗದೇವಿ, ನಿನ್ನ ಖೋಲ್ಯಾಗ ರಾತ್ರಿಯೆಲ್ಲ
ಹಲ್ಲಿ ಲೊಚಗುಟ್ಟತಾವಲ್ಲ,
ಏನು ಖರೇ ಆಗೂದದನೋ!"
ಹೌದ್ರಿ, ಅಂದೆ. ಭಾಳ ದೊಡ್ಡ ಹಲ್ಲಿ.

ಒಂದೇ ಕಾಟ: ಆ ಗುಂಯ್.
ಎಲ್ಲಾ ಬಂದ್ ಮಾಡಿದ್ರೂ ಬರ್ತದ.
ಬ್ಯಾರೆಯವರಿಗಿ ಅದು ಬರೇ ಸಪ್ಪಳ. ನನಗ ಗುರುತು ಅದ.
ಕಪನೂರ ಸಬ್‌ಸ್ಟೇಷನ್ನಿನ್ಯಾಗ
ಆರು ವರ್ಷ, ದಿನಾ ಎಂಟು ತಾಸು
ಅದರ ಮುಂದೇ ಕುಂತೀನಿ.
ಟ್ರಾನ್ಸ್‌ಫಾರ್ಮರ್ ಅನ್ನೋ ಬೂದು ಎಮ್ಮಿ
ಮೆಲುಕು ಹಾಕೋ ದನಿ ಅದು.
ಲೋಡ್ ಏರಿದ್ರ ದಪ್ಪ ಆಗ್ತದ,
ನಸುಕಿನ್ಯಾಗ ಸಣ್ಣ ಆಗ್ತದ,
ಸ್ವರ ಮಾತ್ರ ಬಿಡೂದಿಲ್ಲ.
ತಂತಿ ಹಿಡಿದು ನನ್ನ ಹಿಂದೇ ಮನಿತನಕ ಬಂದು
ಗಿಟಾರಿನ ಪಿಕಪ್ಪಿನ್ಯಾಗ ಹೊಕ್ಕು ಕೂಡ್ತದ.
ಡ್ಯೂಟಿ ನನ್ನದಷ್ಟೇ ಮುಗಿದಿರ್ತದ.

ನಾಯ್ಸ್ ಗೇಟ್ ಹಚ್ಚು, ಅಂದ ರವೂಫ್.
ಹಚ್ಚಿದೆ. ಗುಂಯ್ ಹೋಯ್ತು.
ಅದರ ಸಂಗಡ ಕಡೀ ಸ್ವರದ ಬಾಲಾನೂ ಹೋಯ್ತು,
ಬಾಗಿಲ ಸಂದ್ಯಾಗ ಸಿಕ್ಕ ಸೆರಗಿನಂಗ.
ಹನ್ನೊಂದು ಸಲ ಬಾರಿಸಿದೆ,
ಹನ್ನೊಂದು ಸಲ ಹರೀತು.

ಹನ್ನೆರಡನೇ ಸಲಕ್ಕ ಕರೆಂಟ್ ಹೋಯ್ತು.
ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ. ಗುಂಯ್ ಇಲ್ಲ.
ತೊಳೆದಿಟ್ಟ ಬಟ್ಟಲದಂಥ ಮೌನ.
ಈಗ ಬಾರಿಸು, ಅಂದೆ ನನಗ ನಾನೇ.
ಬೆರಳು ಏಳಲಿಲ್ಲ.
ಕಿವಿ ಕಪನೂರಕ್ಕ ಓಡಿತ್ತು:
ಯಾವ ಫೀಡರ್? ಯಾರ ಶಿಫ್ಟ್?
ತಾಯಪ್ಪ ಕುಂತಾನೋ, ಮಲಗ್ಯಾನೋ?
ಫೋನು ಬಡಕೊಂಡಿತು, ಓಣಿಯವರು.
ನನಗ ರಜಾ ಇದ್ರೂ
ಅವರ ಬೈಗುಳಕ್ಕ ರಜಾ ಇಲ್ಲ.

ಇಪ್ಪತ್ತು ನಿಮಿಷಕ್ಕ ಬಂತು.
ಹುಡುಗರು ಹೋ ಅಂದ್ರು,
ಕೂಲರ್‌ಗಳು ಒಂದೊಂದೇ ಉಸಿರು ಹಿಡಿದ್ವು,
ಗುಂಯ್ ತನ್ನ ಜಾಗಾದಾಗ ಬಂದು ಕುಂತಿತು.
ಯಾಕೋ ಏನೋ, ಟ್ಯೂನರ್ ಹಚ್ಚಿ ನೋಡಿದೆ.
ಆರು ವರ್ಷದಾಗ ಮೊದಲನೇ ಸಲ ಹೆಸರು ಕೇಳಿದಂಗ.
ಜಿ.
ಜಿ ಸ್ವರಕ್ಕಿಂತ ತುಸು ಮ್ಯಾಲ.
ಮುಳ್ಳು ನಟ್ಟನಡು ನಿಲ್ಲೂದಿಲ್ಲ.

ಬಿರಡಿ ತಿರುವಿ
ಆರೂ ತಂತಿ ಅಲ್ಲೀತನಕ ಏರಿಸಿದೆ.
ಗೇಟ್ ತಗದೆ. ದೊಡ್ಡ ಹಾಲು ಸುದ್ದಾ ತಗದೆ.
ತಂಬೂರಿ ಮುಂದ ಕುಂತಾಕಿಯಂಗ
ತುಸು ಹೊತ್ತು ಬರೇ ಕೇಳಿದೆ.
ಆಮ್ಯಾಲ ಮೂರು ನಿಮಿಷ ನಲವತ್ತು ಸೆಕೆಂಡು.
ಫೈಲಿಗಿ ಏನು ಹೆಸರಿಡಬೇಕು ತಿಳೀಲಿಲ್ಲ,
'ಕಪನೂರ ಒಂದು' ಅಂತ ಬರದೆ.

ನಳದ ಹತ್ತಿರ ಚಂದಮ್ಮ ಮತ್ತ ಕೇಳಿದಳು,
ರಾತ್ರಿ ಹಲ್ಲಿ ಒಂದೇ ಸವನ ಲೊಚಗುಟ್ಟಿತಲ್ಲ ಅಂತ.
ಕೊಡ ತುಂಬಿತ್ತು. ಎತ್ತಿಕೊಂಡೆ.
ಮುಂಜಾನಿ ಶಿಫ್ಟಿಗಿ ಹೊತ್ತಾಗಿತ್ತು.