ಉಳಿ

ಬನ್ನೇರುಘಟ್ಟದ ಕಾಡು. ರಾಗಿಹಳ್ಳಿ ಕಡೆಯ ಗೇಟು ದಾಟಿದರೆ
ಎರಡು ಮೈಲಿ ಜಾಲಿಮುಳ್ಳು, ಆಮೇಲೆ ಬಂಡೆ,
ಬಂಡೆಯ ಬಾಯಿ ತುಂಬ ಈ ನೀರು.
ನಾವು ವಾಚರುಗಳು ‘ಸಿಡಿಗುಂಡಿ’ ಅನ್ನುತ್ತೇವೆ.
ರಿಜಿಸ್ಟರಿನಲ್ಲಿ ಮಾತ್ರ ‘ಜಲಮೂಲ, ಹದಿನಾಲ್ಕು’.

ಹೋದ ಮಾಗಿಯಲ್ಲಿ ಒಬ್ಬರು ಮೇಡಂ ಬಂದಿದ್ದರು,
ಕಲ್ಲು ಓದಿದವರು.
ಎರಡು ಬಾಟಲಿ ನೀರು ತುಂಬಿಕೊಂಡು, ಮಂಡಿಯೂರಿ,
ಗೋಡೆಯ ಗೀರುಗಳ ಮೇಲೆ ಬೆರಳಾಡಿಸಿ ಅಂದರು:
‘ಬಡಗಣ ಬೆಟ್ಟಗಳಲ್ಲಿ ಇಂಥವೇ ಕೆರೆಗಳಿವೆ, ಗುರ್ರಪ್ಪ.
ಹಿಮ ಜರುಗುತ್ತಾ ಜರುಗುತ್ತಾ
ಬೆಟ್ಟವನ್ನು ಬೋಗುಣಿಯ ಹಾಗೆ ಕೊರೆದು ಹೋಗುತ್ತದೆ.
ಕರಗಿದ್ದು ಉಳಿಯುತ್ತದೆ.
ಬಂಡೆಯ ಮೇಲೆ ಅದರ ಉಗುರು, ಥೇಟ್ ಹೀಗೆ.’
ಫೋನಿನಲ್ಲಿ ತೋರಿಸಿದರು. ನೀಲಿ ಅಂದರೆ ನೀಲಿ.
ದಡದಲ್ಲಿ ಒಂದು ಲದ್ದಿಯಿಲ್ಲ, ಹೆಜ್ಜೆಯಿಲ್ಲ,
ನೀರಿಗೆ ಬಾಯಾರಿದವರು ಯಾರೂ ಇಲ್ಲ.

ಈ ಉಗುರು ಯಾರದೆಂದು ನನಗೆ ಗೊತ್ತು.
ಎಡಕ್ಕೆ ವಾಲಿದ್ದೆಲ್ಲ ನಮ್ಮಪ್ಪನ ಏಟು, ಆತ ಎಡಚ.
ನೆಟ್ಟಗೆ ಇಳಿದ ಸಾಲು ಚಿಕ್ಕತ್ತೆ ಗಂಗುಲಮ್ಮನದು,
ಏಳು ತಿಂಗಳ ಬಸುರಿಯಲ್ಲಿ ಹಿಡಿದ ಕೆಲಸ;
ನಡುವೆ ಒಂದು ಗೇಣು ಖಾಲಿ ಇದೆಯಲ್ಲ,
ಅದು ಹೆರಿಗೆಯ ವಾರ.

ಒಂದು ಸಂಜೆ ಮದ್ದಿಟ್ಟರೆ ಕಲ್ಲು ಹಾರಲಿಲ್ಲ,
ಕೆಮ್ಮಿತು. ಬಿರುಕಿನಿಂದ ನೀರು.
ಮೇಸ್ತ್ರಿ ಮೂರು ದಿನ ಪಂಪು ಓಡಿಸಿದ,
ಡೀಸೆಲ್ಲು ಮುಗಿಯಿತು, ಅದು ಮುಗಿಯಲಿಲ್ಲ.
ಕಂಪ್ರೆಸರು ಇನ್ನೂ ತಳದಲ್ಲಿದೆ,
ಯಾವ ಬೇಸಿಗೆಯಲ್ಲೂ ತಲೆ ಎತ್ತಿಲ್ಲ.
ಆಮೇಲೆ ಇಲಾಖೆ ಬಂತು, ಬೇಲಿ ಬಂತು,
ನಮ್ಮ ಗುಡಿಸಲುಗಳು ಆಚೆ ಹೋದವು.
ನಾನು ಖಾಕಿ ತೊಟ್ಟು ಒಳಗೆ ಬಂದೆ.
ಆನೆಗಳು ಕೇಳದೆಯೇ ಬಂದವು.

ಇಲ್ಲಿಲ್ಲದ ಕಲ್ಲು ಊರೊಳಗಿದೆ.
ಜಯನಗರದ ಮೋರಿಗಳ ಮೇಲೆ ಚಪ್ಪಡಿಯಾಗಿ,
ಬನಶಂಕರಿಯ ಯಾರದೋ ಹೊಸಿಲಾಗಿ.
ಮಳೆಯಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು ಜನ ದಾಟುವುದು
ಈ ಕೆರೆಯ ಆಕಾರವನ್ನೇ, ಚೂರು ಚೂರಾಗಿ.

‘ಹಿಮ ನೋಡಿದ್ದೀರಾ ಯಾವಾಗಲಾದರೂ?’

ಒಂದು ಸಲ. ಫ್ಯಾಕ್ಟರಿಯಿಂದ ಹೊಟ್ಟಿನಲ್ಲಿ ಸುತ್ತಿ
ಆಟೋದಲ್ಲಿ ತಂದ ಗಡ್ಡೆ. ಅಪ್ಪನ ಎರಡೂ ಪಕ್ಕ ಇಟ್ಟು
ತಂಗಿಯ ಬಸ್ಸಿಗೆ ಕಾದ ರಾತ್ರಿ.
ಬೆಳಗಾದಾಗ ಅಂಗಳದ ತಗ್ಗಿನಲ್ಲಿ ಅಂಗೈಯಷ್ಟು ಕೆರೆ,
ತೇಲುವ ಹೊಟ್ಟು.
ಪಕ್ಕದ ಮನೆಯ ಹ್ಯಾಟೆ ಬಂದು ಕುಡಿಯಿತು,
ಕತ್ತೆತ್ತಿ ಆಕಾಶ ನೋಡಿತು, ಮತ್ತೆ ಕುಡಿಯಿತು.

‘ಇಲ್ಲ ಮೇಡಂ’ ಅಂದೆ.

ಹೊರಡುವ ಮುಂಚೆ ಅವರ ಫಾರಂನಲ್ಲಿ ಒಂದು ಮನೆ ಖಾಲಿ ಇತ್ತು:
ಉಂಟಾದ ಬಗೆ.
ಪೆನ್ನು ಹಿಡಿದು ನನ್ನ ಮುಖ ನೋಡಿದರು.

‘ಉಳಿ’ ಅಂದೆ.

ಯಾರಿಗೆ ಹೇಳಿದೆನೋ ಎಂದು
ಮೇಡಂ ನೀರಿನ ಕಡೆ ತಿರುಗಿದರು.