ಬಿಸಿ ನೋಡುವ ಕೈ

ಅಪ್ಪನಿಗೆ ನಮ್ಮ ಹುಟ್ಟುಹಬ್ಬ ನೆನಪಿರುತ್ತಿರಲಿಲ್ಲ.
ನಾನು ಹುಟ್ಟಿದ್ದು ಮಿಸೆಸ್ ಟ್ವೀಡ್
ಒಂದು ಮೂಗಿನಷ್ಟರಲ್ಲಿ ಸೋತ ವಾರ;
ತಮ್ಮ ಹ್ಯೂಗೀ, ಬೂದು ಕುದುರೆ ಬೇಲಿ ಹಾರಿ
ಪಾದ್ರಿಯ ಕೋಸಿನ ಪಾತಿಯಲ್ಲಿ ಸಿಕ್ಕಿಬಿದ್ದ ಬೆಳಿಗ್ಗೆ.
ಹಾಗೆ ಬೆರಳು ಮಡಿಚಿ ಮಡಿಚಿ
ವಯಸ್ಸು ಮಾತ್ರ ಸರಿಯಾಗಿ ಹೇಳುತ್ತಿದ್ದ.

ರಿವರ್ಟನ್ನಿನ ದಂಡೆ. ಆಚೆ ನೀರು,
ನೀರಿನಾಚೆ ಹೆಸರಿಗಷ್ಟೇ ಭೂಮಿ, ಬರೀ ಹಿಮ.
ತೆಂಕಣ ಗಾಳಿಗೆ ಸೈಪ್ರೆಸ್ ಸಾಲೆಲ್ಲ
ಒಂದೇ ಕಡೆಗೆ ಬಾಚಿದ ತಲೆ.
ನಾಲ್ಕೂವರೆಗೆ ಲಾಯದ ದೀಪ,
ಬಕೆಟ್ಟಿಗೆ ಓಟ್ಸ್ ಬೀಳುವ ಸದ್ದು,
ಮೊದಲು ಅವನ ಕೆಮ್ಮು.
ನಮ್ಮ ಮನೆಗೆ ಹುಂಜ ಬೇಕಿರಲಿಲ್ಲ.

ಇಳಿತದ ಹೊತ್ತು, ಗಟ್ಟಿ ಮರಳು;
ದೂರದಿಂದ ಅವು ಓಡಿ ಬರುವುದು
ಮೊದಲು ಅಂಗಾಲಿಗೆ ಕೇಳುತ್ತಿತ್ತು,
ಆಮೇಲೆ ಕಿವಿಗೆ.
ಗಡಿಯಾರ ಒತ್ತುತ್ತಿದ್ದ, ನೋಡುತ್ತಿರಲಿಲ್ಲ.
ಮಂಡಿಯೂರಿ ಕೂತು, ಕಾಲಿನ ಗಂಟಿನಿಂದ ಗೊರಸಿನವರೆಗೆ
ಅಂಗೈ ಇಳಿಸುತ್ತಿದ್ದ, ಅವಸರವೇ ಇಲ್ಲದೆ.
ಕೂದಲೆಳೆಯಷ್ಟು ಬಿಸಿ ಇದ್ದರೂ ಸಾಕು,
ಆ ಕುದುರೆ ಓಡುವುದಿಲ್ಲ,
ಮಾಲೀಕ ಇನ್ವರ್ಕಾರ್ಗಿಲ್ಲಿನಿಂದ
ಹೊಸ ಟೋಪಿ ತೊಟ್ಟು ಬಂದಿದ್ದರೂ.

ಅದೇ ಕೈ ರಾತ್ರಿ ನಮ್ಮ ಹಣೆಗೆ.
ಅಮ್ಮ ಥರ್ಮಾಮೀಟರ್ ಹುಡುಕುವಷ್ಟರಲ್ಲಿ
"ನೂರೊಂದು. ಶನಿವಾರಕ್ಕೆ ಸರಿಹೋಗ್ತಾಳೆ."
ಜ್ವರವೆಂದರೆ ನನಗೆ ಇಂದಿಗೂ
ಗೊರಸಿಗೆ ಹಚ್ಚುವ ಎಣ್ಣೆ, ಪೆಪ್ಪರ್‌ಮಿಂಟು.

ಮಣ್ಣು ಮಾಡಿದ ದಿನ ಪತ್ರಿಕೆಯ ಹುಡುಗ ಕೇಳಿದ:
ಒಟ್ಟು ಎಷ್ಟು ಗೆಲುವು?
ಅರವತ್ತೊಂದು. ದೊಡ್ಡ ಕಪ್ಪು ಒಂದೂ ಇಲ್ಲ.
ಒಂದು ಬೆಳ್ಳಿ ತಟ್ಟೆ ಇದೆ,
ಅಮ್ಮ ಅದರಲ್ಲಿ ಈರುಳ್ಳಿ ಇಡುತ್ತಾಳೆ.
ಹುಡುಗ ಬರೆದುಕೊಂಡ.
ಈರುಳ್ಳಿ ಬರೆದುಕೊಳ್ಳಲಿಲ್ಲ.

ಜೀನಿನ ಕೋಣೆಯಲ್ಲಿ ಅವನ ದಿನಚರಿಗಳು,
ಹದಿನೇಳು, ಅಂಚು ಇಲಿಯ ಪಾಲು.
"ಬೂದು ಹೆಣ್ಣು ಮೇವು ಬಿಟ್ಟಳು. ಮರಳು ಒದ್ದೆ.
ಐಲ್ಸಾಗೆ ಹಲ್ಲು ಬಿತ್ತು."
"ಲೇಟ್ ಸಪ್ಪರ್ ಬಲಗಾಲು ಬಿಸಿ.
ರೋನಾಗೆ ಕೋಪ, ಯಾಕೋ ತಿಳಿಯದು."
ಮರುದಿನ: "ಕಾಲು ತಣ್ಣಗಾಗಿದೆ. ರೋನಾ ಆಗಿಲ್ಲ."
ಮೂರನೆಯ ದಿನ: "ಕಾರಣ ತಿಳಿಯಿತು. ಹೂ ತಂದೆ.
ಕುದುರೆ ತಿಂದಿತು."
ಅಮ್ಮ ಓದಿ ನಕ್ಕಳು. ಆಮೇಲೆ
ಹುಲ್ಲಿನ ಕೊಟ್ಟಿಗೆಯ ಹಿಂದೆ ಹೋದವಳು
ಬಹಳ ಹೊತ್ತು ಬರಲಿಲ್ಲ.

ಒಂದು ಮಾರ್ಚಿಯಲ್ಲಿ ಏಳು ಪುಟ ಖಾಲಿ,
ತಾರೀಖು ಮಾತ್ರ ಬರೆದಿದ್ದಾನೆ.
ಅದು ಲೇಟ್ ಸಪ್ಪರ್ ಕಾಲು ಮುರಿದ ವಾರ.
ಪಶುವೈದ್ಯ ಬರುವವರೆಗೆ ಓಟದ ಹಾದಿಯಲ್ಲೇ ಕೂತು
ತನ್ನ ಟೋಪಿ ತೆಗೆದು
ಅವಳ ಕಣ್ಣಿಗೆ ಮರೆ ಹಿಡಿದಿದ್ದನಂತೆ.
ಖಾಲಿ ಟ್ರಕ್ಕು ಮನೆಗೆ ಬಂತು. ಟೋಪಿ ಬರಲಿಲ್ಲ.
ಆ ವಾರ ನಮ್ಮ ಹಣೆಗಳನ್ನು, ಜ್ವರವಿಲ್ಲದಿದ್ದರೂ,
ಎರಡೆರಡು ಸಲ ಮುಟ್ಟಿ ನೋಡಿದ.

ಆಸ್ಪತ್ರೆಯಲ್ಲಿ, ಜೂನ್ ಚಳಿ, ಹೊದಿಕೆ ಸರಿಸಿ
ಅವನ ಮೊಣಕಾಲಿನಿಂದ ಕೆಳಗೆ ನನ್ನ ಅಂಗೈ ಇಳಿಸಿದೆ,
ಅವನೇ ಕಲಿಸಿದ ಹಾಗೆ.
ಕಣ್ಣು ಮುಚ್ಚಿಯೇ ಕೇಳಿದ: "ಹೇಗಿದೆ?"
"ಚೆನ್ನಾಗಿದೆ ಅಪ್ಪ, ಬಿಸಿ ಏನಿಲ್ಲ."
"ಮಾಲೀಕರಿಗೆ ಹೇಳೋ ಹಾಗೆ
ನನಗೆ ಹೇಳಬೇಡ, ಮಗೂ."
ಆಗ ನಿಜ ಹೇಳಿದೆ: ತಣ್ಣಗಿದೆ. ತೀರಾ ತಣ್ಣಗಿದೆ.
"ಹ್ಞಾ," ಅಂದ, ಲೆಕ್ಕ ತಾಳೆಯಾದವನ ಹಾಗೆ.
ಆಮೇಲೆ, ಬೂದು ಮರಿಗೆ ನಾಳೆ ಲಾಳ, ಮರೀಬೇಡಿ, ಅಂದ.

ಇವತ್ತು ನಾಲ್ಕೂವರೆಗೆ ದೀಪ ಹಾಕಿದ್ದು ಹ್ಯೂಗೀ.
ಅದೇ ಬಕೆಟ್ಟು, ಅದೇ ಓಟ್ಸು.
ಒಂಬತ್ತು ತಲೆ ಬಾಗಿಲ ಮೇಲಿಂದ ಚಾಚಿ
ಮೂತಿ ಇಳಿಸದೆ
ನಮ್ಮಿಬ್ಬರ ಹಿಂದಿನ ಕತ್ತಲೆ ನೋಡುತ್ತಿದ್ದವು.
ನನಗೆ ಹೊಳೆಯಲಿಲ್ಲ.
ಹ್ಯೂಗೀ ತುಸು ಹೊತ್ತು ನಿಂತ,
ಗಂಟಲು ಸರಿಮಾಡಿಕೊಂಡ,
ಬರದ ಕೆಮ್ಮನ್ನು ಕೆಮ್ಮಿದ.

ತಿಂದವು.